ಅಜ್ಜನ ಮದ್ಯದ ಬೀರುವಿಗೆ ದರ ಕಟ್ಟಿದ ಬಗೆ

ಪಾಲುಪಟ್ಟಿ ಮಾಡುವಾಗ ತೋಟಕ್ಕೆ ಸರ್ಕಾರದ ಮಾರ್ಗಸೂಚಿ ದರ ಸಿಕ್ಕಿತು, ಚಿನ್ನಕ್ಕೆ ಆ ದಿನದ ಪೇಟೆ ದರ ಸಿಕ್ಕಿತು. ಸಕಲೇಶಪುರದ ಮನೆಯ ಹಜಾರದಲ್ಲಿದ್ದ ಮದ್ಯದ ಬೀರುವಿಗೆ ಮಾತ್ರ ದರ ಹೇಳುವವರೇ ಇರಲಿಲ್ಲ. ತೋಟ ಮಾರಿ ಊರಿಗೆ ಹೊರಟ ದೊರೆಯೊಬ್ಬನಿಂದ ಅಜ್ಜ ಕೊಂಡದ್ದು ಅದು. ‘ಗಟ್ಟಿ ಬೀಟೆ, ನೂರೈವತ್ತು ವರ್ಷದ್ದು’ ಎಂದು ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದಿದ್ದೆವು. ಅಣ್ಣ ಮೊಬೈಲಿನಲ್ಲಿ ಅಂಥದೇ ಬೀರುವಿಗೆ ಲಕ್ಷಗಟ್ಟಲೆ ಬೆಲೆ ಹಾಕಿದ್ದನ್ನು ನೋಡಿ ಅದೇ ಅಂಕಿಯನ್ನು ಪಟ್ಟಿಗೆ ಏರಿಸಿದ. ಅದು ಮಾರುವವನು ಕೇಳುತ್ತಿದ್ದ ಬೆಲೆ. ಯಾರಾದರೂ ಕೊಟ್ಟಿದ್ದಾರೆಯೇ ಎಂಬುದು ಅಲ್ಲಿ ಬರೆದಿರುವುದಿಲ್ಲ.

ಹಳೆಯ ಮರದ ಸಾಮಾನಿನಲ್ಲಿ ಪಳಗಿದ ಆಚಾರಿಯೊಬ್ಬರನ್ನು ಕರೆಸಿದೆವು. ಎದುರಿನ ಹೊಳಪಿನತ್ತ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಬೀರುವನ್ನು ಗೋಡೆಯಿಂದ ಈಚೆಗೆ ಎಳೆಸಿ ಬೆನ್ನು ನೋಡಿದರು. ಪ್ಲೈವುಡ್. ಆಮೇಲೆ ಬಡಿದದ್ದಿರಬಹುದೇ ಎಂದರೆ ಬೇರೆ ಮೊಳೆಯ ತೂತುಗಳಿಲ್ಲ, ಮಾಸಿದ ಬಣ್ಣವೂ ಚೌಕಟ್ಟಿನ ಬಣ್ಣವೂ ಒಂದೇ. ಬಾಗಿಲಿನ ಅಂಚಿನಲ್ಲಿ ಉಗುರಿನಗಲ ಎದ್ದಿದ್ದ ಕಡೆ ಟಾರ್ಚ್ ಬಿಟ್ಟು, ‘ಒಳಗೆಲ್ಲ ತೇಗ ಸಾರ್, ಬೀಟೆ ಮೇಲೆ ಅಂಟಿಸಿದ ಪದರ ಅಷ್ಟೇ’ ಎಂದರು. ಒಂದು ಬಿಜಾಗರಿಯಲ್ಲಿ ಪ್ಲಸ್ ತಲೆಯ ಸ್ಕ್ರೂಗಳಿದ್ದವು, ಮಿಕ್ಕಿದ್ದರಲ್ಲೆಲ್ಲ ಒಂದೇ ಗೀರಿನವು. ಪ್ಲಸ್ ತಲೆಯದು ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ಆ ಬಿಜಾಗರಿಯನ್ನು ಯಾರೋ ಬದಲಾಯಿಸಿದ್ದಾರೆ. ಮುಚ್ಚಳ ಎತ್ತಿದರೆ ಗಾಜಿನ ತಟ್ಟೆ ತಾನೇ ಮೇಲೇಳುವುದು, ಒಳಗೆಲ್ಲ ಕನ್ನಡಿ, ದುಂಡನೆಯ ಮೂಲೆಗಳು: 1930ರ ಸುಮಾರಿನ ಆರ್ಟ್ ಡೆಕೊ ಶೈಲಿಯ ಕಾಕ್‌ಟೇಲ್ ಕ್ಯಾಬಿನೆಟ್ಟೇ ಸರಿ. ವಿಕ್ಟೋರಿಯಾ ರಾಣಿಯ ಕಾಲದ್ದು ಎಂಬ ಮಾತು ಅಲ್ಲಿಗೆ ಮುಗಿಯಿತು.

ವಯಸ್ಸು ಇಳಿದದ್ದು ಒಂದು ಲೆಕ್ಕಕ್ಕೆ ಅನುಕೂಲವೇ ಆಯಿತು. 1972ರ ಪುರಾವಸ್ತು ಕಾಯ್ದೆ ನೋಡುವುದು ನೂರು ವರ್ಷ ತುಂಬಿದ ವಸ್ತುಗಳನ್ನು. ಪುರಾವಸ್ತು ಎನಿಸಿಕೊಂಡರೆ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕೆನೆಬಣ್ಣದ ಹಿಡಿಗಳು ಆನೆದಂತವಲ್ಲ, ಹಳೇ ಪ್ಲಾಸ್ಟಿಕ್ ಎಂದಾಗ ಅಣ್ಣನ ಮುಖ ಬಾಡಿತು. ನನಗೋ ನಿರಾಳ. ದಂತವಾಗಿದ್ದರೆ ವನ್ಯಜೀವಿ ಕಾಯ್ದೆಯಡಿ ಮಾರುವುದೇ ಅಪರಾಧ.

ಬೆಲೆಗಾಗಿ ಶಿವಾಜಿನಗರದ ಒಂದು ಅಂಗಡಿಗೆ ಫೋಟೋ ತೋರಿಸಿ ‘ಕೊಳ್ಳುತ್ತೀರಾ?’ ಎಂದೆ, ಇಪ್ಪತ್ತೆರಡು ಸಾವಿರ ಎಂದರು. ಇನ್ನೊಂದು ಅಂಗಡಿಯಲ್ಲಿ ಗಿರಾಕಿಯ ಹಾಗೆ ನಿಂತು, ‘ಇಂಥದ್ದು ಬೇಕಿತ್ತು’ ಎಂದೆ. ತೊಂಬತ್ತು ಸಾವಿರದಿಂದ ಶುರು. ನಡುವಿನ ಅಂತರದಲ್ಲಿ ಅಂಗಡಿ ಬಾಡಿಗೆ, ರಿಪೇರಿ, ವರ್ಷಗಟ್ಟಲೆ ಗಿರಾಕಿಗೆ ಕಾಯುವ ಖರ್ಚು ಎಲ್ಲ ಇದೆ, ಮೋಸ ಎನ್ನಲಾಗದು. ವಿಮೆಗೆ ಬರೆಸುವಾಗ ದೊಡ್ಡ ಅಂಕಿ ಸರಿ, ಮಾರಲು ಹೊರಟರೆ ಕೈಗೆ ಬರುವುದು ಚಿಕ್ಕದರ ಹತ್ತಿರದ್ದು. ಪಾಲಿಶ್ ಹೊಡೆಸಿ ತನ್ನಿ, ಜಾಸ್ತಿ ಕೊಡುತ್ತೇನೆ ಎಂದವರೂ ಸಿಕ್ಕರು. ನಾನು ಒಪ್ಪಲಿಲ್ಲ. ಉಜ್ಜುವ ಭರದಲ್ಲಿ ಆ ತೆಳು ಬೀಟೆ ಪದರವೇ ಹೋದರೆ ಉಳಿಯುವುದು ಬರಿ ತೇಗದ ಡಬ್ಬ. ಸಂಗ್ರಾಹಕರು ಹಣ ಕೊಡುವುದು ಮೂಲ ಹೊಳಪಿಗೆ.

ಕೊನೆಗೆ ಮೂವರೂ ಚೀಟಿ ಬರೆದೆವು: ‘ಇಷ್ಟು ಕೊಟ್ಟು ನಾನೇ ಇಟ್ಟುಕೊಳ್ಳುತ್ತೇನೆ.’ ಹೆಚ್ಚು ಬರೆದವರಿಗೆ ಬೀರು, ಆ ಮೊತ್ತ ಅವರ ಪಾಲಿನಲ್ಲಿ ವಜಾ. ಅಣ್ಣನ ಚೀಟಿಯಲ್ಲಿ ಹದಿನೈದು ಸಾವಿರವಿತ್ತು. ಲಕ್ಷಗಳ ಮಾತು ಬೇರೆಯವರು ಕೊಡುವುದಾದರೆ ಮಾತ್ರ! ಅಕ್ಕ ನಲವತ್ತು ಬರೆದಿದ್ದಳು, ಬೀರು ಅವಳದಾಯಿತು. ಮುಂದೆ ಮಾರಿದರೆ ತೆರಿಗೆ ಬರುತ್ತದೆಯೇ ಎಂದು ಕೇಳಿದಳು. ಮನೆಯಲ್ಲಿ ಬಳಸುವ ಪೀಠೋಪಕರಣ ಸಾಮಾನ್ಯವಾಗಿ ಬಂಡವಾಳ ಲಾಭದ ಲೆಕ್ಕಕ್ಕೆ ಸೇರುವುದಿಲ್ಲ. ಒಡವೆ, ಚಿತ್ರಕಲೆ, ಶಿಲ್ಪಗಳಿಗೆ ಆ ರಿಯಾಯಿತಿ ಇಲ್ಲ. ಅವಳು ಮಾರುವ ಹಾಗೆ ಕಾಣುವುದಿಲ್ಲ. ಬಾಟಲಿಯ ಜಾಗದಲ್ಲಿ ಈಗ ಉಪ್ಪಿನಕಾಯಿ ಭರಣಿಗಳನ್ನು ಇಟ್ಟಿದ್ದಾಳೆ, ಎಣ್ಣೆ ಇಳಿದರೆ ಮರಕ್ಕೆ ಒಳ್ಳೆಯದಲ್ಲ ಎಂದು ಹೇಳಿದರೂ ಕೇಳುತ್ತಿಲ್ಲ.