ಗೆರೆಗೂ ಹೊಣೆಯಿದೆ: ವರ್ಣಭೇದವನ್ನು ವಿಡಂಬಿಸಿದ ಅನಿಮೇಷನ್‌ನಿಂದ ಕಲಿತ ಏಳು ಪಾಠಗಳು

ಬೆಂಗಳೂರಿನಲ್ಲಿ ಅನಿಮೇಷನ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಪಾತ್ರ ವಿನ್ಯಾಸ ಮತ್ತು ಸ್ಟೋರಿಬೋರ್ಡ್ ಹೇಳಿಕೊಡುತ್ತೇನೆ. ಅಮೆರಿಕದ ವಯಸ್ಕರ ಅನಿಮೇಷನ್ ಚಿತ್ರಗಳನ್ನು, ಅದರಲ್ಲೂ ರಾಲ್ಫ್ ಬಾಕ್ಷಿ ಎಪ್ಪತ್ತರ ದಶಕದಲ್ಲಿ ಮಾಡಿದ ಸಿನಿಮಾಗಳನ್ನು ಅವರಿಗೆ ತೋರಿಸಿ, ನಿಲ್ಲಿಸಿ ನಿಲ್ಲಿಸಿ ಚರ್ಚಿಸುತ್ತೇನೆ. ವರ್ಣಭೇದವನ್ನು ಗೇಲಿ ಮಾಡಲು ಹೊರಟ ಚಿತ್ರವೊಂದು ಅದನ್ನೇ ಬೆಳೆಸಿಬಿಡುವ ಅಪಾಯ ಅನಿಮೇಷನ್‌ನಲ್ಲಿ ಬೇರೆಲ್ಲ ಕಲೆಗಳಿಗಿಂತ ಹೆಚ್ಚು. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಪಾಠಗಳನ್ನು ಇಲ್ಲಿ ಬರೆದಿದ್ದೇನೆ.

1. ಗೆರೆಯ ಚರಿತ್ರೆ ತಿಳಿಯದೆ ವಿಡಂಬನೆಗೆ ಕೈಹಾಕಬೇಡಿ

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಸುಟ್ಟ ಬಿರಡೆಯ ಮಸಿ ಮುಖಕ್ಕೆ ಬಳಿದುಕೊಂಡು, ತುಟಿ ದಪ್ಪಗೆ ಬರೆದುಕೊಂಡು, ಕಪ್ಪುವರ್ಣೀಯರನ್ನು ಪೆದ್ದರಂತೆ ಆಡಿ ತೋರಿಸುತ್ತಿದ್ದರು. ಮಿನ್‌ಸ್ಟ್ರೆಲ್ ಎಂಬ ಆ ರಂಗಪ್ರಕಾರ ಮರೆಯಾದರೂ ಅದರ ಕಪ್ಪು ಮುಖ, ಅಗಲ ಬಾಯಿ, ಬಿಳಿ ಕೈಗವಸು ನೇರವಾಗಿ ಕಾರ್ಟೂನಿಗೆ ಬಂದು ಸೇರಿದವು. ಇಂಥ ಚಿತ್ರಣದ ಕಾರಣಕ್ಕೇ 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ವಾರ್ನರ್‌ನ ಹನ್ನೊಂದು ಹಳೆಯ ಕಾರ್ಟೂನುಗಳನ್ನು ಟಿವಿಗೆ ಕೊಡುವುದನ್ನೇ ನಿಲ್ಲಿಸಿತು. ಅವುಗಳಲ್ಲಿ ಬಾಬ್ ಕ್ಲ್ಯಾಂಪೆಟ್ 1943ರಲ್ಲಿ ಮಾಡಿದ ‘ಕೋಲ್ ಬ್ಲ್ಯಾಕ್ ಆ್ಯಂಡ್ ಡೆ ಸೆಬೆನ್ ಡ್ವಾರ್ಫ್ಸ್’ ಒಂದು. ಅದರ ಚಲನೆ ಅದ್ಭುತ, ಸಂಗೀತ ಜೀವಂತ, ನಾಯಕಿಗೆ ಧ್ವನಿ ಕೊಟ್ಟವರು ಕಪ್ಪುವರ್ಣೀಯ ಕಲಾವಿದೆ ವಿವಿಯನ್ ಡ್ಯಾಂಡ್ರಿಡ್ಜ್. ಆದರೆ ಮುಖಗಳೆಲ್ಲ ಮಿನ್‌ಸ್ಟ್ರೆಲ್ ಅಚ್ಚಿನವು. ಕಸುಬು ಎಷ್ಟೇ ಒಳ್ಳೆಯದಿರಲಿ, ಅದು ಅವಮಾನವನ್ನು ತೊಳೆಯುವುದಿಲ್ಲ. ಹಳೆಯ ಅಚ್ಚು ಯಾವುದೆಂದು ಗುರುತಿಸಲು ಬಾರದವನಿಗೆ ಅದನ್ನು ಮುರಿಯಲೂ ಬಾರದು.

2. ಅನಿಮೇಷನ್‌ನಲ್ಲಿ ಆಕಸ್ಮಿಕ ಎಂಬುದಿಲ್ಲ

ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಹನ್ನೆರಡು ಚಿತ್ರಗಳನ್ನು ಯಾರೋ ಕೂತು ಬರೆದಿರಲೇಬೇಕು. ಆ ಹೊತ್ತಿಗೆ ಸಿಕ್ಕಿದ್ದನ್ನು ಕ್ಯಾಮೆರಾ ಸೆರೆಹಿಡಿಯಿತು ಎಂದು ಇಲ್ಲಿ ಹೇಳಲಾಗದು. ತುಟಿಯ ದಪ್ಪ, ನಡಿಗೆಯ ಓಲಾಟ, ಚರ್ಮದ ಬಣ್ಣ ಎಲ್ಲವೂ ಒಬ್ಬರ ತೀರ್ಮಾನ. ಈ ಮಾಧ್ಯಮದ ಶಕ್ತಿ ಇರುವುದೂ ಅಲ್ಲೇ. ಬಾಕ್ಷಿಯವರ 1975ರ ‘ಕೂನ್‌ಸ್ಕಿನ್’ ಚಿತ್ರದ ನಡುನಡುವೆ ಅಮೆರಿಕ ದೇಶವೇ ಒಬ್ಬ ಹೆಂಗಸಾಗಿ ಬರುತ್ತಾಳೆ: ಹೊಂಬಣ್ಣದ ಕೂದಲು, ಮೈಮೇಲೆ ಧ್ವಜದ ನಕ್ಷತ್ರ ಪಟ್ಟೆ, ಬೃಹದಾಕಾರ. ಅವಳೆದುರು ನಿಂತ ಕಪ್ಪು ಗಂಡಸು ತೀರಾ ಚಿಕ್ಕವನು. ಅವಳು ಅವನನ್ನು ಕರೆಯುತ್ತಾಳೆ, ಆಸೆ ತೋರಿಸುತ್ತಾಳೆ, ಕೊನೆಗೆ ನಾಶಮಾಡುತ್ತಾಳೆ. ತರಗತಿಯಲ್ಲಿ ಈ ದೃಶ್ಯವನ್ನು ಶಬ್ದವಿಲ್ಲದೆ ತೋರಿಸುತ್ತೇನೆ. ಮಾತು ಒಂದೂ ಕೇಳಿಸದಿದ್ದರೂ ಇಬ್ಬರ ಗಾತ್ರ ನೋಡಿದರೆ ಸಾಕು, ಅಧಿಕಾರ ಯಾರ ಕೈಯಲ್ಲಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ವಿಡಂಬನೆಯನ್ನು ಸಂಭಾಷಣೆಗೆ ಬಿಟ್ಟುಕೊಡದೆ ಗೆರೆಯಲ್ಲೇ ಕಟ್ಟುವುದೆಂದರೆ ಇದು.

3. ಸಹಾನುಭೂತಿ ತೋರಿಸುವವನನ್ನೂ ಪರೀಕ್ಷೆಗೆ ಒಡ್ಡಿ

ಬಾಕ್ಷಿಯವರೇ ಮಾಡಿದ, ರಾಬರ್ಟ್ ಕ್ರಂಬ್ ಅವರ ಭೂಗತ ಕಾಮಿಕ್ಸ್‌ನಿಂದ ಬಂದ ‘ಫ್ರಿಟ್ಜ್ ದ ಕ್ಯಾಟ್’ (1972) ಅಮೆರಿಕದಲ್ಲಿ ವಯಸ್ಕರಿಗೆ ಮಾತ್ರ ಎಂಬ ಎಕ್ಸ್ ಪ್ರಮಾಣಪತ್ರ ಪಡೆದ ಮೊದಲ ಅನಿಮೇಷನ್ ಚಿತ್ರ. ಜನಕ್ಕೆ ನೆನಪಿರುವುದು ಅದರ ಲೈಂಗಿಕ ದೃಶ್ಯಗಳು. ನನಗೆ ಮುಖ್ಯವಾದದ್ದು ನ್ಯೂಯಾರ್ಕಿನ ಕಪ್ಪುವರ್ಣೀಯರ ಬಡಾವಣೆ ಹಾರ್ಲೆಮ್‌ನ ಭಾಗ. ಕಾಲೇಜು ಓದಿದ ಬೆಕ್ಕು ಫ್ರಿಟ್ಜ್ ತನಗೆ ಕಪ್ಪು ಜನರ ಸಂಕಟವೆಲ್ಲ ಗೊತ್ತು ಎಂದುಕೊಂಡು, ಅಲ್ಲಿ ಕಾಗೆಗಳ ರೂಪದಲ್ಲಿರುವ ಜನರ ನಡುವೆ ನಿಂತು ದಂಗೆಗೆ ಕರೆಕೊಡುತ್ತಾನೆ. ಆ ಗಲಭೆಯಲ್ಲಿ ಅವನ ಸ್ನೇಹಿತ ಡ್ಯೂಕ್ ಎಂಬ ಕಾಗೆ ಗುಂಡೇಟಿಗೆ ಸಾಯುತ್ತಾನೆ. ಫ್ರಿಟ್ಜ್ ತಪ್ಪಿಸಿಕೊಂಡು ಹೋಗುತ್ತಾನೆ. ಬಾಯಿಮಾತಿನ ಕ್ರಾಂತಿಗೆ ಬೆಲೆ ತೆರುವವರು ಬೇರೆಯವರು ಎಂಬುದನ್ನು ಆ ಕಾಲದಲ್ಲಿ ಇಷ್ಟು ನೇರವಾಗಿ ಹೇಳಿದ ಅಮೆರಿಕನ್ ಕಾರ್ಟೂನ್ ಇನ್ನೊಂದನ್ನು ನಾನು ಕಂಡಿಲ್ಲ. ಕಾಗೆಯ ಆಯ್ಕೆ ಮಾತ್ರ ಇಂದಿಗೂ ನನ್ನನ್ನು ಕಾಡುತ್ತದೆ. 1941ರ ‘ಡಂಬೊ’ದಲ್ಲಿಯೂ ಕಪ್ಪುವರ್ಣೀಯರನ್ನು ಸೂಚಿಸಲು ಕಾಗೆಗಳೇ ಬಂದಿದ್ದವು. ಒಂದು ಅಚ್ಚನ್ನು ಬಯಲಿಗೆಳೆಯುವಾಗ ಇನ್ನೊಂದು ಅಚ್ಚು ಕೈಯಲ್ಲೇ ಉಳಿಯಬಹುದು.

4. ಮೊದಲು ಕಿವಿ, ಆಮೇಲೆ ಕೈ

ಹೈಫಾದಲ್ಲಿ ಹುಟ್ಟಿದ ಯಹೂದಿ ಬಾಕ್ಷಿ ಬೆಳೆದದ್ದು ಬ್ರೂಕ್ಲಿನ್‌ನ ಬಡ ಬೀದಿಗಳಲ್ಲಿ. ‘ಫ್ರಿಟ್ಜ್’ಗಾಗಿ ಅವರು ಟೇಪ್ ರೆಕಾರ್ಡರ್ ಹಿಡಿದು ನ್ಯೂಯಾರ್ಕಿನ ಜನರ ನಿಜವಾದ ಮಾತುಕತೆ ದಾಖಲಿಸಿದರು, ಬೀದಿಗಳ ಛಾಯಾಚಿತ್ರ ತೆಗೆದು, ಅವುಗಳ ಮೇಲೆ ಗೆರೆ ಎಳೆದು ಹಿನ್ನೆಲೆ ಮಾಡಿಸಿದರು. ‘ಕೂನ್‌ಸ್ಕಿನ್’ನಲ್ಲಿ ಸ್ಕ್ಯಾಟ್‌ಮನ್ ಕ್ರೌಥರ್ಸ್, ಬ್ಯಾರಿ ವೈಟ್, ಪುಲಿಟ್ಜರ್ ಪಡೆದ ನಾಟಕಕಾರ ಚಾರ್ಲ್ಸ್ ಗೋರ್ಡೋನ್ ಇದ್ದರು. ಆ ಧ್ವನಿಗಳಲ್ಲಿ ಅಣಕವಿಲ್ಲ, ಬದುಕಿದೆ.

ಇದಕ್ಕೆ ಎದುರು ನಿಲ್ಲುವ ಉದಾಹರಣೆ ನಮಗೆ ಹತ್ತಿರದ್ದು. ‘ದ ಸಿಂಪ್ಸನ್ಸ್’ನ ಭಾರತೀಯ ಅಂಗಡಿಯವನು ಅಪು 1990ರಿಂದ ಮಾತಾಡಿದ್ದು ಬಿಳಿಯ ನಟ ಹ್ಯಾಂಕ್ ಅಜಾರಿಯ ಗಂಟಲಲ್ಲಿ. ಆ ಉಚ್ಚಾರವನ್ನೇ ಅಣಕಿಸಿ ಶಾಲೆಗಳಲ್ಲಿ ಕಾಡಿಸಿಕೊಂಡ ದಕ್ಷಿಣ ಏಷ್ಯಾ ಮೂಲದ ಮಕ್ಕಳ ನೋವನ್ನು ಹಾಸ್ಯ ಕಲಾವಿದ ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ಎತ್ತಿ ತೋರಿಸಿದರು. 2020ರಲ್ಲಿ ಅಜಾರಿಯ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟರು. ನಮ್ಮನ್ನು ಯಾರೋ ದೂರದಿಂದ ಬರೆದಾಗ ಹೇಗನ್ನಿಸುತ್ತದೆ ಎಂದು ತಿಳಿಯಲು ಅಪುವನ್ನು ನೋಡಿದರೆ ಸಾಕು.

5. ಗೇಲಿಯ ಗುರಿ ನಂಬಿಕೆಯಾಗಲಿ, ಮೈಬಣ್ಣವಾಗದಿರಲಿ

ಆರನ್ ಮೆಕ್‌ಗ್ರೂಡರ್ ತಮ್ಮ ಕಾಮಿಕ್ ಸ್ಟ್ರಿಪ್ಪಿನಿಂದ ರೂಪಿಸಿದ ‘ದ ಬೂನ್‌ಡಾಕ್ಸ್’ 2005ರಲ್ಲಿ ಟಿವಿಗೆ ಬಂತು. ಅದರ ಅಂಕಲ್ ರಕಸ್ ಸ್ವತಃ ಕಪ್ಪುವರ್ಣೀಯ, ಆದರೆ ಬಿಳಿಯರನ್ನು ಪೂಜಿಸುತ್ತಾನೆ, ತನ್ನವರನ್ನು ದ್ವೇಷಿಸುತ್ತಾನೆ. ಅವನು ಆಡುವ ಮಾತುಗಳು ಅಸಹ್ಯ. ಆದರೂ ಅವನಿಂದ ಜನಾಂಗಕ್ಕೆ ಅವಮಾನವಾಗುವುದಿಲ್ಲ. ಏಕೆಂದರೆ ಅದೇ ಬೀದಿಯಲ್ಲಿ ಪುಸ್ತಕ ಓದುವ, ಯೋಚಿಸುವ ಹತ್ತು ವರ್ಷದ ಹ್ಯೂಯಿ ಇದ್ದಾನೆ, ಅವನ ತಮ್ಮ ರೈಲಿ ಇದ್ದಾನೆ, ತಾತ ಇದ್ದಾನೆ. ಒಂದು ಜನಾಂಗಕ್ಕೆ ಒಂದೇ ಮುಖ ಕೊಟ್ಟರೆ ಅದು ಅಚ್ಚಾಗುತ್ತದೆ. ಹತ್ತು ಮುಖ ಕೊಟ್ಟರೆ ಸಮಾಜವಾಗುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಸಾಯದೆ ಕೋಮಾದಿಂದ ಎದ್ದು ಬಂದರೆ ಇಂದಿನ ಅಮೆರಿಕ ಅವರನ್ನು ಹೇಗೆ ನಡೆಸಿಕೊಂಡೀತು ಎಂದು ಕೇಳಿದ ಈ ಸರಣಿಯ 2006ರ ಕಂತಿಗೆ ಪೀಬಾಡಿ ಪ್ರಶಸ್ತಿ ಬಂತು. 2014ರ ನಾಲ್ಕನೇ ಸೀಸನ್‌ನಲ್ಲಿ ಮೆಕ್‌ಗ್ರೂಡರ್ ಇರಲಿಲ್ಲ. ಬೈಗುಳ ಉಳಿದವು, ಮೊನೆ ಹೋಯಿತು.

6. ಸಿಟ್ಟಾದವರ ಮಾತು ಕೇಳಿ, ತಂಡದಲ್ಲಿ ಅವರಿಗೆ ಜಾಗ ಕೊಡಿ

‘ಕೂನ್‌ಸ್ಕಿನ್’ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನಗೊಂಡಾಗ ಕಾಂಗ್ರೆಸ್ ಆಫ್ ರೇಷಿಯಲ್ ಈಕ್ವಾಲಿಟಿ ಸಂಘಟನೆಯವರು ಅದು ಕಪ್ಪುವರ್ಣೀಯರನ್ನು ಅವಮಾನಿಸುತ್ತದೆ ಎಂದು ಪ್ರತಿಭಟಿಸಿದರು. ವಿತರಣೆಗೆ ಒಪ್ಪಿಕೊಂಡಿದ್ದ ಪ್ಯಾರಾಮೌಂಟ್ ಹಿಂದೆ ಸರಿಯಿತು, ಬ್ರಯಾನ್‌ಸ್ಟನ್ ಎಂಬ ಸಣ್ಣ ಸಂಸ್ಥೆ ಚಿತ್ರವನ್ನು ಬಿಡುಗಡೆ ಮಾಡಿತು. ಕಪ್ಪುವರ್ಣೀಯರದೇ ಇನ್ನೊಂದು ಸಂಘಟನೆ ಎನ್‌ಎಎಸಿಪಿ ಚಿತ್ರದ ಬೆಂಬಲಕ್ಕೆ ನಿಂತಿತು. ಒಂದೇ ಸಮುದಾಯದಲ್ಲಿ ಎರಡು ಅಭಿಪ್ರಾಯ ಬಂದಾಗ ಒಂದನ್ನು ತಿಳಿಗೇಡಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ದಶಕಗಳ ಕಾಲ ತಮ್ಮ ಮುಖವನ್ನು ವಿಕಾರವಾಗಿ ಬರೆದದ್ದನ್ನು ನೋಡಿದ ಜನರಿಗೆ, ಈ ವಿಕಾರದ ಉದ್ದೇಶ ಬೇರೆ ಎಂದು ಮನವರಿಕೆ ಮಾಡಿಕೊಡುವ ಭಾರ ಬರೆದವನದು.

ಬಾಕ್ಷಿ ಕಪ್ಪುವರ್ಣೀಯ ಅನಿಮೇಟರುಗಳನ್ನು ಕೆಲಸಕ್ಕೆ ತೆಗೆದುಕೊಂಡರು. ಆ ಕಾಲದ ಸ್ಟುಡಿಯೋಗಳಲ್ಲಿ ಅಪರೂಪವಾಗಿದ್ದ ಕಪ್ಪುವರ್ಣೀಯ ಮಹಿಳೆ ಬ್ರೆಂಡಾ ಬ್ಯಾಂಕ್ಸ್ ಬಾಕ್ಷಿಯವರ ಜೊತೆ ದುಡಿದರು. ಚಿತ್ರ ಮುಗಿದ ಮೇಲೆ ಸಮುದಾಯದವರ ಒಪ್ಪಿಗೆ ಕೇಳುವುದಕ್ಕಿಂತ, ಸ್ಟೋರಿಬೋರ್ಡ್ ಹಂತದಲ್ಲೇ ‘ಇದು ಬೇಡ’ ಎನ್ನುವ ಅಧಿಕಾರವಿರುವ ಒಬ್ಬರು ಪಕ್ಕದ ಮೇಜಿನಲ್ಲಿರುವುದು ಮೇಲು.

7. ಅಮೆರಿಕದ ಅಚ್ಚು ಗುರುತಿಸಿದ ಕಣ್ಣು ನಮ್ಮ ಅಚ್ಚನ್ನೂ ನೋಡಲಿ

ಈ ಚಿತ್ರಗಳನ್ನು ನೋಡಿ ಮುಗಿಸಿದ ವಿದ್ಯಾರ್ಥಿಗಳಿಗೆ ಅವರದೇ ಪಾತ್ರಗಳ ಮಾಡೆಲ್ ಶೀಟುಗಳನ್ನು ಗೋಡೆಗೆ ಅಂಟಿಸಲು ಹೇಳುತ್ತೇನೆ. ನಾಯಕ ಗೋಧಿಬಣ್ಣ, ಖಳ ಕಡುಕಂದು. ಕೆಲಸದಾಕೆ ಕಪ್ಪು, ಯಜಮಾನಿ ಬೆಳ್ಳಗೆ. ರಾಕ್ಷಸನ ತುಟಿ ದಪ್ಪ, ಮೂಗು ಚಪ್ಪಟೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಕ್ಯಾಲೆಂಡರ್, ಸಿನಿಮಾ, ಜಾಹೀರಾತು ನೋಡಿ ಕೈಗೆ ಬಂದದ್ದು. ಆಮೇಲೆ ಬಣ್ಣಗಳನ್ನು ಅದಲುಬದಲು ಮಾಡಿಸುತ್ತೇನೆ. ಖಳನಿಗೆ ನಾಯಕನ ಬಣ್ಣ ಬಂದಾಗ ಅವನ ಕೆಟ್ಟತನವನ್ನು ನಡಿಗೆಯಲ್ಲಿ, ಕಣ್ಣಿನಲ್ಲಿ, ಮಾತಿನಲ್ಲಿ ತೋರಿಸಬೇಕಾಗುತ್ತದೆ. ಪಾತ್ರ ನಿಜವಾಗಿ ಹುಟ್ಟುವುದು ಆಗಲೇ. ನಮ್ಮ ನಗರದಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳು, ಹೋಟೆಲು ಪಾರ್ಲರುಗಳಲ್ಲಿ ದುಡಿಯುವ ಈಶಾನ್ಯ ರಾಜ್ಯಗಳ ಯುವಜನರು ನಮ್ಮ ಚಿತ್ರಗಳಲ್ಲಿ ಬರುವಾಗಲೂ ಇದೇ ಪರೀಕ್ಷೆ ಆಗಬೇಕು. ಜಾತಿಯ ಗುರುತುಗಳನ್ನು ಬರೆಯುವಾಗಲಂತೂ ಆಗಲೇಬೇಕು.

ವರ್ಣಭೇದವನ್ನೋ ಜಾತಿಭೇದವನ್ನೋ ವಿಡಂಬಿಸಲು ಹೊರಟ ಕಿರಿಯ ಗೆಳೆಯರಿಗೆ ನನ್ನ ಮನವಿ ಇಷ್ಟೆ. ನಿಮ್ಮ ಮೊದಲ ಕರಡನ್ನು ನಿಮ್ಮ ಸ್ನೇಹಿತರ ಗುಂಪಿಗೆ ತೋರಿಸಿ ನಗಿಸಬೇಡಿ. ಆ ಚಿತ್ರದಲ್ಲಿ ಯಾರ ಮುಖವಿದೆಯೋ ಅವರ ಜೊತೆ ಕೂತು ನೋಡಿ. ಅವರು ನಕ್ಕರೆ ಮುಂದುವರಿಯಿರಿ. ನಗದಿದ್ದರೆ ಯಾಕೆಂದು ಕೇಳಿ, ಅಲ್ಲಿಂದ ಬರೆಯಲು ಶುರುಮಾಡಿ.