ಮಣಿಯ ಬಾಯಿ

ಗಾಜಿನ ಮಣಿ ಕೈಗೆ ಬಂದರೆ ನಾನೀಗ ಬಣ್ಣಕ್ಕಿಂತ ಮೊದಲು ತೂತು ನೋಡುತ್ತೇನೆ. ಈ ಅಭ್ಯಾಸ ಅಂಟಿದ್ದು ಚಿಕ್ಕಪೇಟೆಯಲ್ಲಿ ಸರ ಪೋಣಿಸಿಕೊಡುವ ಒಬ್ಬ ವಯಸ್ಸಾದ ಪಟವೆಗಾರರಿಂದ. ಗಿರಾಕಿಗಳು ತಂದ ಮಣಿಗಳನ್ನು ಅವರು ಬಟ್ಟೆಯ ಮೇಲೆ ಸುರಿದು, ಒಂದೊಂದನ್ನೂ ಎತ್ತಿ, ತೂತಿನ ಅಂಚಿಗೆ ಉಗುರು ತಾಗಿಸಿ ಎರಡು ಗುಡ್ಡೆ ಮಾಡುತ್ತಿದ್ದರು. ಒಂದು ಗುಡ್ಡೆ ಸರಕ್ಕೆ, ಇನ್ನೊಂದು ವಾಪಸ್. ವಾಪಸ್ ಹೋಗುವ ಗುಡ್ಡೆಯಲ್ಲಿ ಎಷ್ಟೋ ಸಲ ಅತಿ ಚೆಂದದ ಮಣಿಗಳಿರುತ್ತಿದ್ದವು. ಯಾಕೆ ಎಂದು ಕೇಳಿದರೆ, "ಬಣ್ಣ ನೋಡೋಕೆ ಎಲ್ರಿಗೂ ಕಣ್ಣೈತಮ್ಮ. ದಾರ ಕುಯ್ಯೋದು ಬಣ್ಣ ಅಲ್ಲ, ಬಾಯಿ" ಎಂದರು.

ಸರ ಹರಿದು ಮಣಿ ಚೆಲ್ಲಾಪಿಲ್ಲಿಯಾದಾಗ ನಾವು ದಾರವನ್ನು ಬಯ್ಯುತ್ತೇವೆ. ಬಹಳ ಸಲ ದಾರದ ತಪ್ಪೇನೂ ಇರುವುದಿಲ್ಲ.

ನಾನು ಮಾಡುವುದು ಜ್ವಾಲೆಯಲ್ಲಿ ಸುತ್ತುವ ಲ್ಯಾಂಪ್‌ವರ್ಕ್ ಮಣಿ. ಹಿಂದಿನವರು ದೀಪದ ಜ್ವಾಲೆಗೆ ಗಾಳಿಯೂದಿ ಗಾಜು ಕರಗಿಸುತ್ತಿದ್ದರು. ಈಗ ಗ್ಯಾಸ್ ಮತ್ತು ಆಮ್ಲಜನಕದ ಟಾರ್ಚು. ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಜೇಡಿಮಣ್ಣಿನಂಥ ಲೇಪದಲ್ಲಿ ಅದ್ದಿ ಒಣಗಿಸಿಕೊಳ್ಳಬೇಕು. ಲೇಪ ಇಲ್ಲದಿದ್ದರೆ ಗಾಜು ಉಕ್ಕಿಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಒಂದು ಕೈಯಲ್ಲಿ ಈ ಕಡ್ಡಿ, ಇನ್ನೊಂದರಲ್ಲಿ ಬಣ್ಣದ ಗಾಜಿನ ಕಡ್ಡಿ. ಗಾಜಿನ ತುದಿ ಕರಗಿ ತೊಟ್ಟಾದಾಗ ಅದನ್ನು ಉಕ್ಕಿಗೆ ತಾಗಿಸಿ ಸುತ್ತುತ್ತಾ ಹೋಗುವುದು. ಕೈ ತಿರುಗುವುದು ನಿಂತ ಕ್ಷಣ ಗಾಜು ಕೆಳಕ್ಕೆ ಜೋಲುತ್ತದೆ. ಜ್ವಾಲೆಯಿಂದ ಹೊರಗೆ ತಂದ ಮೇಲೂ ಅದು ಗಟ್ಟಿಯಾಗುವ ತನಕ ತಿರುಗಿಸುತ್ತಲೇ ಇರಬೇಕು.

ತೂತಿನ ಅಂಚು ಹೇಗೆ ಬರುತ್ತದೆ ಎಂಬುದು ಮೊದಲ ಸುತ್ತಿನಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಕರಗಿದ ಗಾಜು ತನ್ನಷ್ಟಕ್ಕೆ ದುಂಡಗಾಗಲು ಎಳೆಯುತ್ತದೆ. ಮೊದಲ ಸುತ್ತು ಅಗಲವಾಗಿದ್ದು ಮೇಲೆ ಬೀಳುವ ಗಾಜು ಕಡಿಮೆಯಾದರೆ, ತುದಿಗಳು ತೆಳುವಾಗಿ ಚೂಪಾಗುತ್ತವೆ. ನಡುವೆ ಇನ್ನಷ್ಟು ಗಾಜು ಸೇರಿಸಿ ಸಮನಾಗಿ ಕಾಯಿಸಿದರೆ ತುದಿಗಳು ಹೊಕ್ಕುಳಿನ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತವೆ. ಆ ಮಡಿಕೆ ಇರುವ ಮಣಿ ದಾರವನ್ನು ಕುಯ್ಯುವುದಿಲ್ಲ, ಪಕ್ಕದ ಮಣಿಯ ಜೊತೆ ಉಜ್ಜಿ ಚಕ್ಕೆ ಏಳುವುದೂ ಕಡಿಮೆ. ಹೂವು, ಬಳ್ಳಿ, ಚುಕ್ಕಿಗಳನ್ನು ಯಾರು ಬೇಕಾದರೂ ಬೇಗ ಕಲಿತಾರು. ಈ ಎರಡು ಅಂಚುಗಳಿಗೆ ಕೈ ಪಳಗಲು ಕಾಲ ಹಿಡಿಯುತ್ತದೆ.

ಬಣ್ಣದ ಮಾತು ಬೇರೆಯೇ. ಕಾದ ಗಾಜು ತನ್ನ ನಿಜವಾದ ಬಣ್ಣ ತೋರಿಸುವುದಿಲ್ಲ. ಆರಿದ ಮೇಲೆಯೇ ಗೊತ್ತಾಗುವುದು. ದಂತದ ಬಣ್ಣದ ಗಾಜಿನ ಮೇಲೆ ತಾಮ್ರದಿಂದ ಬಣ್ಣ ಪಡೆದ ಹಸಿರು ಬೆರೆತ ನೀಲಿ ಇಟ್ಟರೆ ಎರಡೂ ಸೇರುವಲ್ಲಿ ನಾವು ಬರೆಯದ ಕಪ್ಪು ಗೆರೆ ಮೂಡುತ್ತದೆ: ಒಂದರ ಗಂಧಕ ಇನ್ನೊಂದರ ತಾಮ್ರದ ಜೊತೆ ಕೂಡಿದ್ದರ ಫಲ. ಕಪ್ಪು ಅಂದುಕೊಂಡ ಗಾಜನ್ನು ಕೂದಲೆಳೆಯಷ್ಟು ತೆಳ್ಳಗೆ ಎಳೆದು ಬೆಳಕಿಗೆ ಹಿಡಿದರೆ ಎಷ್ಟೋ ಸಲ ಅದು ದಟ್ಟ ನೇರಳೆ. ಅದನ್ನು ನೋಡಿದ ಮೇಲೆ ಅಮ್ಮನ ಕರಿಮಣಿ ಸರವನ್ನೂ ಕಿಟಕಿಗೆ ಹಿಡಿದು ನೋಡಿದೆ. ಅಮ್ಮನಿಗೆ ಹಿಡಿಸಲಿಲ್ಲ, ಬಿಡಿ.

ಮಣಿ ಮುಗಿಯಿತು ಎಂದು ಮೇಜಿನ ಮೇಲಿಟ್ಟರೆ ಕೆಲಸ ಕೆಡುತ್ತದೆ. ಹೊರಮೈ ಬೇಗ ಆರಿ ಬಿಗಿಯುತ್ತದೆ, ಒಳಗಿನ ಗಾಜು ತಡವಾಗಿ ಕುಗ್ಗುತ್ತದೆ, ನಡುವೆ ಸೆಳೆತ ಉಳಿಯುತ್ತದೆ. ಅಂಥ ಮಣಿ ಕೂಡಲೇ ಟಪ್ಪೆಂದು ಸೀಳಬಹುದು, ಇಲ್ಲವೇ ತಿಂಗಳುಗಳ ನಂತರ ಯಾರದೋ ಕೊರಳಲ್ಲಿ. ಅದಕ್ಕೇ ವಿದ್ಯುತ್ ಕುಲುಮೆ. ನಾನು ಬಳಸುವ ಮೆದುಗಾಜನ್ನು ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಆಮೇಲೆ ನಿಧಾನವಾಗಿ ಆರಿಸಬೇಕು. ಕೈಯಲ್ಲಿ ಮಾಡಿದ ಮಣಿ ಕೊಳ್ಳುವವರು ಮಾರುವವರನ್ನು ಕೇಳಬೇಕಾದ ಪ್ರಶ್ನೆ ಇದು: ಕುಲುಮೆಯಲ್ಲಿ ಆರಿಸಿದ್ದೀರಾ? ಉತ್ತರ ತಡವರಿಸಿದರೆ ಬೆಲೆಯ ಮಾತಿಗೇ ಹೋಗಬೇಡಿ. ಆರಿದ ಮೇಲೆ ಕಡ್ಡಿಯಿಂದ ಕಳಚಿ, ತೂತಿನೊಳಗಿನ ಲೇಪವನ್ನು ನೀರಿನಲ್ಲೇ ಉಜ್ಜಿ ತೆಗೆಯುತ್ತೇನೆ. ಒಣಗಿದ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತೂತಿನ ಈ ಹುಚ್ಚು ಹಿಡಿದ ಮೇಲೆ ಆಂಧ್ರದ ಪಾಪನಾಯುಡುಪೇಟೆಯ ಪದ್ಧತಿ ನನಗೆ ಬಹಳ ದೊಡ್ಡದಾಗಿ ಕಂಡಿತು. ಮಣಿಗಳ ಚರಿತ್ರೆ ಬರೆದ ಪೀಟರ್ ಫ್ರಾನ್ಸಿಸ್ ಅದನ್ನು ದಾಖಲಿಸಿದ್ದಾರೆ. ಅಲ್ಲಿ ಮೊದಲು ಮಾಡುವುದೇ ತೂತು. 'ಲಾಡ' ಎಂಬ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜಿನ ದೊಡ್ಡ ಮುದ್ದೆ ಹತ್ತಿಸಿ, ಒಳಗೆ ಟೊಳ್ಳು ಮಾಡಿ, ಮತ್ತೆ ಕುಲುಮೆಗೆ ಒಡ್ಡುತ್ತಾರೆ. ಇನ್ನೊಂದು ಬದಿಯಲ್ಲಿ ಕೂತವರು ಅದರ ತುದಿ ಹಿಡಿದು ಎಳೆಯುತ್ತಾ ಹೋದಂತೆ ಟೊಳ್ಳೂ ಗಾಜಿನ ಜೊತೆಗೇ ಉದ್ದವಾಗುತ್ತದೆ. ಸಣ್ಣ ಕೊಳವೆ ಹೊರಬರುತ್ತದೆ. ಅದನ್ನು ಚೂರು ಚೂರು ಕತ್ತರಿಸಿದಾಗ ಅಂಚು ಚೂಪು. ಚೂರುಗಳನ್ನು ಬೂದಿಯಲ್ಲಿ ಬೆರೆಸಿ ಕಾಯಿಸಿದರೆ ಅಂಚು ಕರಗಿ ದುಂಡಗಾಗುತ್ತದೆ. ಬೂದಿ ತೂತು ಮುಚ್ಚದಂತೆ, ಮಣಿ ಮಣಿಗೆ ಅಂಟದಂತೆ ಕಾಯುತ್ತದೆ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಮಾಡಿದ್ದೂ ಇದೇ ಬಗೆಯ ಎಳೆದ ಮಣಿ. ಈ ಜಾತಿಯ ಪುಟ್ಟ ಮಣಿಗಳು ಆಗ್ನೇಯ ಏಷ್ಯಾದುದ್ದಕ್ಕೂ ಸಿಕ್ಕಿವೆ. ನನ್ನ ಟಾರ್ಚಿನ ಮುಂದೆ ಮಣಿಗಳು ಒಂದೊಂದಾಗಿ ಹುಟ್ಟುತ್ತವೆ. ಅಲ್ಲಿ ಒಂದು ಮುದ್ದೆಯಿಂದ ರಾಶಿಗಟ್ಟಲೆ, ಆದರೂ ಕೈಕೆಲಸವೇ.

ಅಚ್ಚಿನಲ್ಲಿ ಒತ್ತಿದ ಮಣಿಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಮೈಮೇಲೆ ಉಗುರಾಡಿಸಿದರೆ ಕೆಲವೊಮ್ಮೆ ಅಚ್ಚು ಕೂಡಿದ ಗೆರೆ ಸಿಗುತ್ತದೆ, ಗುರುತು ಅಷ್ಟೇ. ಒಂದೇ ಅಳತೆ ಬೇಕಾದವರು ಅವನ್ನೇ ಕೊಳ್ಳಲಿ. "ಸೇಮ್ ಟು ಸೇಮ್ ಇರಬೇಕು ಮೇಡಂ" ಎಂದು ಓಲೆಗೆ ಮಣಿ ಕೇಳುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಕಷ್ಟದ ಕೆಲಸವೆಂದರೆ ಜೋಡಿಯೇ ಎಂದು. ಹಲವು ಮಣಿಗಳನ್ನು ಒಂದರ ಹಿಂದೊಂದು ಸುತ್ತಿ, ಆರಿಸಿ, ಅವುಗಳಲ್ಲಿ ತೀರ ಹತ್ತಿರದ ಎರಡನ್ನು ಓಲೆಗೆ ತೆಗೆದಿಡುತ್ತೇನೆ. ಉಳಿದವು ಸರಕ್ಕೆ, ಅಂಚು ಸರಿಯಿದ್ದರೆ.