ಹನ್ನೊಂದು ನಿಮಿಷಕ್ಕೆ 28,300 ರೂಪಾಯಿ

ಡಿಗ್ರಿ ಕೊನೇ ವರ್ಷದಲ್ಲಿ ನಾವು ಐದು ಜನ ಸೇರಿ ಮಾಡಿದ ಕಿರುಚಿತ್ರದ ಒಟ್ಟು ಖರ್ಚು 28,300 ರೂಪಾಯಿ. ಕ್ಯಾಮೆರಾ ಮತ್ತು ಲೆನ್ಸ್ ಮೈಸೂರಿನಿಂದ ಬಾಡಿಗೆಗೆ ತಂದಿದ್ದು 8,000. ಮೈಕು, ಲೈಟು 2,600. ಊಟ, ಟೀ 5,450. ಹಾರ್ಡ್ ಡಿಸ್ಕ್ 4,600. ಓಡಾಟ 1,850. ನಟಿಸಿದವರ ಕೂಲಿ 3,300. ಉಳಿದ 2,500 ನಮಗೆ ನಾವೇ ಕೊಟ್ಟುಕೊಂಡ ಸಂಬಳ, ತಲೆಗೆ 500ರಂತೆ. ಈ ಕೊನೆಯ ಎರಡು ಬಾಬ್ತು ನೋಡಿ ನಗುವವರು ಈಗಲೂ ಇದ್ದಾರೆ. ಇಂದಿನ ಅಂಕಣ ಅವೆರಡರ ಬಗ್ಗೆಯೇ.

ಹಣ ಬಂದ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ತಲಾ ನಾಲ್ಕು ಸಾವಿರ ಹಾಕಿದೆವು, ಅದು ಇಪ್ಪತ್ತು ಸಾವಿರ. ಕನ್ನಡ ಮೇಷ್ಟ್ರು ಮೂರು ಸಾವಿರ ಕೊಟ್ಟರು, ವಾಪಸ್ ಕೇಳಲಿಲ್ಲ. ಬಾಕಿ 5,300 ನಾನು ಟ್ಯೂಷನ್ ಹೇಳಿ ಕೂಡಿಟ್ಟಿದ್ದು. ಸಾಲ ಮಾಡಲಿಲ್ಲ. ಕಿರುಚಿತ್ರಕ್ಕೆ ಸಾಲ ಮಾಡಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ದುಡ್ಡು ಮರಳಿಸುವ ಸರಕಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಬೇಕೆಂದರೆ ಒಂದು ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಆಗಬೇಕು. ಹನ್ನೊಂದು ನಿಮಿಷದ ಒಂದೇ ಚಿತ್ರ ಇಟ್ಟುಕೊಂಡು ಆ ಗಡಿ ಮುಟ್ಟುವುದು ಯಾವ ಕಾಲಕ್ಕೆ?

ವಿಷಯ ಸೆಲ್ಫ್ ಲವ್. ಕಾಲೇಜು ಹುಡುಗರು ಆರಿಸಿಕೊಳ್ಳುವಂಥದ್ದೇ. ನಮ್ಮ ಮೊದಲ ಕಥೆಯಲ್ಲಿ ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ದುಡಿಯುವ ಹೆಂಗಸು ಒಬ್ಬಳಿದ್ದಳು. ವರ್ಷಗಟ್ಟಲೆ ನೂಲು ತೆಗೆದವಳು, ರೇಷ್ಮೆ ಸೀರೆ ಉಟ್ಟವಳಲ್ಲ. ಕೊನೆಗೊಂದು ದಿನ ಅಂಗಡಿಗೆ ಹೋಗಿ ತನಗೇ ಒಂದು ಸೀರೆ ಕೊಳ್ಳುತ್ತಾಳೆ, ಉಟ್ಟು ಕನ್ನಡಿ ಮುಂದೆ ನಿಲ್ಲುತ್ತಾಳೆ. ಮುಗಿಯಿತು. ಈ ಪಾತ್ರಕ್ಕೆ ನನ್ನ ದೊಡ್ಡವ್ವನನ್ನೇ ಕೇಳಿದೆವು. ಅವಳದು ಹನೂರು ಕಡೆಯ ಊರು, ಕೆಲಸ ಕೊಳ್ಳೇಗಾಲದಲ್ಲಿ. ಒಂದು ಕಿಲೋ ನೂಲು ಬರಬೇಕಾದರೆ ಸುಮಾರು ಏಳು ಕಿಲೋ ಗೂಡು ಬೇಯಬೇಕು. ಆ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕಿ ಹುಡುಕಿ ಅವಳ ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿರುತ್ತದೆ. ನಮಗೆ ಬೇಕಾಗಿದ್ದು ಆ ಕೈ.

ದೊಡ್ಡವ್ವ ಕಥೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಎಷ್ಟು ಕೊಟ್ಟೀರಿ ಕೂಸು?" ಅಂದಳು.

ನನ್ನ ಗೆಳೆಯರು ಮುಖ ಮುಖ ನೋಡಿಕೊಂಡರು. ಮನೆಯವರೇ ದುಡ್ಡು ಕೇಳುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅವಳ ಲೆಕ್ಕ ನೇರವಾಗಿತ್ತು. ಘಟಕದಲ್ಲಿ ದಿನಕ್ಕೆ 350 ಸಿಗುತ್ತದೆ, ಇಲ್ಲಿಗೆ ಬಂದರೆ ಅದು ಹೋಯಿತು. "ಕೂಲಿ ಬುಟ್ಟು ಬಂದ್ರೆ ಸಂಜೆಗೆ ಅಕ್ಕಿ ಯಾರು ತಂದಾರು? 400 ಕೊಡಿ, ಬತ್ತೀನಿ." ಸೆಲ್ಫ್ ಲವ್ ಎಂದು ಬೋರ್ಡಿನ ಮೇಲೆ ಬರೆದುಕೊಂಡಿದ್ದ ನಮ್ಮ ತಂಡದಲ್ಲಿ ಆ ವಿಷಯ ಗೊತ್ತಿದ್ದವಳು ಅವಳೊಬ್ಬಳೇ ಎಂದು ನನಗನ್ನಿಸುತ್ತದೆ. ತನ್ನ ಒಂದು ದಿನಕ್ಕೆ ಬೆಲೆ ಉಂಟು ಎಂದು ನೆಂಟರ ಎದುರು, ಅದೂ ಸಾಕಿ ಬೆಳೆಸಿದ ಹುಡುಗಿಯ ಎದುರು, ನಾಚದೆ ಹೇಳುವುದು ಸುಲಭವಲ್ಲ. ನಾನಾಗಿದ್ದರೆ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದೆನೇನೋ.

ಅಂದೇ ಒಂದು ನಿಯಮ ಮಾಡಿಕೊಂಡೆವು. ಪುಕ್ಕಟೆ ಯಾರೂ ದುಡಿಯಬಾರದು, ನಾವೂ ಕೂಡ. ನಮ್ಮ ಜೇಬಿನ ದುಡ್ಡು ನಮ್ಮ ಜೇಬಿಗೇ ಮರಳುವ ಆಟ ಇದು, ನಿಜ. ಆದರೆ ಎಡಿಟಿಂಗ್‌ಗೆ ರಾತ್ರಿಗಟ್ಟಲೆ ಕುಳಿತವನ ಹೆಸರಿನ ಮುಂದೆ ಸೊನ್ನೆ ಬರೆದರೆ ಮುಂದಿನ ಚಿತ್ರದ ಬಜೆಟ್ಟಿನಲ್ಲೂ ಅಲ್ಲಿ ಸೊನ್ನೆಯೇ ಕೂರುತ್ತದೆ. 500 ಬರೆದಿದ್ದರೆ ಮುಂದೆ ಯಾರಾದರೂ ಮದುವೆ ವಿಡಿಯೊ ಎಡಿಟ್ ಮಾಡಿಕೊಡು ಎಂದಾಗ ಬಾಯಿ ತೆರೆಯಲು ಒಂದು ಆಧಾರ ಇರುತ್ತದೆ. ಅವನೀಗ ಆ ಕೆಲಸವನ್ನೇ ಮಾಡುತ್ತಿದ್ದಾನೆ. ಮುಂಗಡ ಇಲ್ಲದೆ ಕಂಪ್ಯೂಟರ್ ಆನ್ ಮಾಡುವುದಿಲ್ಲ.

ಇದೇ ನಿಯಮದಿಂದ ಕೆಲವು ಆಸೆಗಳನ್ನು ಬಿಟ್ಟೆವು. ಹಿನ್ನೆಲೆಗೆ ಮಾದಪ್ಪನ ಕಂಸಾಳೆ ಬೇಕೆಂದಿತ್ತು. ಕಲಾವಿದರಿಗೆ ಕೊಡುವಷ್ಟು ಉಳಿದಿರಲಿಲ್ಲ. ನಮ್ಮ ಭಾಗದ ಕಲೆ ಬೆಳೆಯಲಿ ಎಂದು ಭಾಷಣ ಮಾಡಿ ಬಿಟ್ಟಿ ಹಾಡಿಸಿಕೊಳ್ಳುವವರು ಈಗಾಗಲೇ ಸಾಕಷ್ಟು ಇದ್ದಾರೆ, ನಾವೂ ಸೇರುವುದು ಬೇಡವೆಂದು ನೂಲು ಸುತ್ತುವ ರಾಟೆಯ ಸದ್ದನ್ನೇ ಉಳಿಸಿಕೊಂಡೆವು. ಬಿಳಿಗಿರಿರಂಗನ ಬೆಟ್ಟದ ಕಾಡಿನ ದೃಶ್ಯವನ್ನೂ ಕೈಬಿಟ್ಟೆವು. ಅದು ಹುಲಿ ಸಂರಕ್ಷಿತ ಪ್ರದೇಶ, ಅನುಮತಿ, ಶುಲ್ಕ ಎಲ್ಲ ನಮ್ಮ ಅಳತೆ ಮೀರಿದ್ದು. ಯಳಂದೂರಿನ ಬಯಲಿನ ಹಿಪ್ಪುನೇರಳೆ ತೋಟ ಸಾಕಾಯಿತು. ಓಡಾಟದ ಖರ್ಚು ಕಡಿಮೆಯಾಗಿದ್ದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ. ತಂಡದ ಹುಡುಗಿಯರು, ದೊಡ್ಡವ್ವ ಎಲ್ಲ ಸರ್ಕಾರಿ ಬಸ್ಸಿನಲ್ಲಿ ಉಚಿತ. 1,850ರಲ್ಲಿ ಹೆಚ್ಚಿನದು ಹುಡುಗರ ಟಿಕೆಟ್ಟು ಮತ್ತು ಆಟೊ.

ಸೀರೆಯ ದೃಶ್ಯ ಬಂದಾಗ ದೊಡ್ಡವ್ವ ಮತ್ತೆ ತಕರಾರು ತೆಗೆದಳು. "ಇಷ್ಟು ದುಡ್ಡು ಕೊಟ್ಟು ಸೀರೆ ತಕ್ಕಂಡು ಉಟ್ಕಂಡು ಎಲ್ಲಿಗೆ ಹೋಗ್ಲವ್ವ? ಪೆಟ್ಟಿಗೇಲಿ ಮಡಗೋಕಾ? ಅದ್ರ ಬದ್ಲು ನನ್ ಹೆಸ್ರಲ್ಲಿ ಒಂದು ಪುಸ್ತಕ ಮಾಡ್ಸು." ಪುಸ್ತಕ ಎಂದರೆ ಪಾಸ್‌ಬುಕ್.

ಅವಳ ಹೆಸರಲ್ಲಿ ಖಾತೆ ಇರಲಿಲ್ಲವೆಂದಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಬ್ಯಾಂಕ್ ಖಾತೆ ಇತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆ ಯೋಜನೆಗೆ ಚಾಲನೆ ಸಿಕ್ಕಿದ ಮೇಲೆ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಮನೆ ಯಜಮಾನಿ ಎಂಬ ಪಟ್ಟ ಕಾಗದದ ಮೇಲಾದರೂ ಸಿಕ್ಕಿತು. ಹೆಸರು ಅವಳದು, ಎಟಿಎಂ ಕಾರ್ಡು ಮಗನ ಜೇಬಿನಲ್ಲಿ. ಇನ್ನು ಸಂಘದ ಸಾಲ, ಮೈಕ್ರೊಫೈನಾನ್ಸ್ ಸಾಲ ಇವೆಯಲ್ಲ, ಅವಕ್ಕೆ ಹೆಂಗಸಿನ ಸಹಿಯೇ ಬೇಕು. ಬೈಕಿಗೋ ಬೋರ್‌ವೆಲ್ಲಿಗೋ ಮದುವೆಗೋ ಹೋಗುವ ಹಣಕ್ಕೂ ಕಂತಿನ ದಿನ ಬಾಗಿಲಲ್ಲಿ ನಿಂತು ಮಾತು ಕೇಳುವವಳು ಅವಳೇ. ವಸೂಲಿ ಕಾಟ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾಲಕ್ಕೆ ಅವಳ ಹೆಸರು ಸಲೀಸಾಗಿ ಒದಗುತ್ತದೆ, ಉಳಿತಾಯಕ್ಕೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನಾವು ಕನ್ನಡಿಯಲ್ಲಿ ಹುಡುಕುತ್ತಿದ್ದುದನ್ನು ದೊಡ್ಡವ್ವ ಪಾಸ್‌ಬುಕ್ಕಿನಲ್ಲಿ ತೋರಿಸಿದಳು.

ಕಥೆ ಬದಲಾಯಿತು. ಸೀರೆಯ ಬಾಡಿಗೆ ಉಳಿಯಿತು. ಕೊನೆಯ ದೃಶ್ಯದಲ್ಲಿ ಅವಳು ಅಂಚೆ ಕಚೇರಿಯಲ್ಲಿ ಆರ್‌ಡಿ ಶುರುಮಾಡಿ ಹೊರಗೆ ಬರುತ್ತಾಳೆ. ಒಳಗೆ ಕ್ಯಾಮೆರಾ ಒಯ್ಯುವ ಗೋಜು ಬೇಡವೆಂದು ಬಾಗಿಲಾಚೆ, ರಸ್ತೆಯಲ್ಲೇ ತೆಗೆದೆವು. ಯಳಂದೂರಿನ ಬಳೆ ಮಂಟಪದ ಮುಂದೆ ಅವಳನ್ನು ನಡೆಸಿಕೊಂಡು ಹೋಗುವ ಆಸೆ ನನ್ನ ಗೆಳತಿಗೆ. ಕಲ್ಲಿನಲ್ಲಿ ಕಡೆದ ಆ ಬಳೆಸರಪಳಿಗೂ ದೊಡ್ಡವ್ವನ ಬೋಳು ಕೈಗೂ ಏನೋ ಅರ್ಥ ಹೊಳೆದಿತ್ತಂತೆ. ಬೇಡವೆಂದೆ. ಅರ್ಥ ಜಾಸ್ತಿಯಾಗುತ್ತಿತ್ತು.

ಶೂಟಿಂಗ್ ಮುಗಿದ ಮೇಲೆ ತನ್ನ ಕೂಲಿಯಿಂದಲೇ ಅವಳು ನಿಜವಾಗಿಯೂ ಆರ್‌ಡಿ ಮಾಡಿಸಿದಳು, ತಿಂಗಳಿಗೆ 500. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು, ಅವಧಿ ಐದು ವರ್ಷ. ಅವಳು ಖಾತೆ ತೆರೆದಾಗಿನ ಬಡ್ಡಿ ಶೇ 6.7. ಆ ದರದಲ್ಲಿ ಕಟ್ಟುವುದು 30,000, ಕೈಗೆ ಬರುವುದು 35,600 ಚಿಲ್ಲರೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ನನಗೆ ಇಷ್ಟವಾಗುವುದು ಬೇರೆ ಅಂಶ. ಹನ್ನೆರಡು ಕಂತು ಸರಿಯಾಗಿ ಕಟ್ಟಿದ್ದರೆ ಜಮೆಯಾದ ಮೊತ್ತದ ಅರ್ಧದವರೆಗೆ ಸಾಲ ಸಿಗುತ್ತದೆ. ಗುಂಪಿನ ಜಾಮೀನು ಬೇಡ, ಬಾಗಿಲಿಗೆ ಯಾರೂ ಬರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಬೇಕಾದರೆ ಮುಚ್ಚಬಹುದು, ಆದರೆ ಬಡ್ಡಿ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಮಿನಿ ಯಾರು ಎಂದು ಕೇಳಿದಾಗ ಮಗನ ಬದಲು ಸೊಸೆಯ ಹೆಸರು ಹೇಳಿದಳು. ಕಾರಣ ನಾನು ಕೇಳಲಿಲ್ಲ.

ನಾವು ಎಡಿಟಿಂಗ್ ಮಾಡುತ್ತಿದ್ದಾಗಲೇ, 2024ರ ಮೇ ತಿಂಗಳಲ್ಲಿ, ಕಾನ್ ಚಿತ್ರೋತ್ಸವದ ಸುದ್ದಿ ಬಂತು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಸಿನಿಮಾ ಕಲಿಯಲು ಹೋದ ಚಿದಾನಂದ ಎಸ್. ನಾಯಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ'ಗೆ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ, 15,000 ಯೂರೊ. ಆಗಿನ ದರದಲ್ಲಿ ಹದಿಮೂರು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದ್ದು ಎಂದು ನಮ್ಮ ಹುಡುಗರು ಕುಣಿದಾಡಿದರು. ನಾಲ್ಕು ದಿನವನ್ನು ಎಲ್ಲರೂ ನೆನಪಿಟ್ಟುಕೊಂಡರು, ಚಿತ್ರದ ಹಿಂದೆ ಪುಣೆಯ ಎಫ್‌ಟಿಐಐ ಇತ್ತು ಎಂಬುದನ್ನು ಮರೆತರು. ಅಲ್ಲಿ ಕ್ಯಾಮೆರಾ, ತರಬೇತಿ, ಖರ್ಚಿನ ಹೊಣೆ ಸಂಸ್ಥೆಯದು. ಅದು ಸಾಧನೆಯನ್ನು ಕಡಿಮೆ ಮಾಡುವುದಿಲ್ಲ. ಕೊಳ್ಳೇಗಾಲದಲ್ಲಿ ಕುಳಿತು ನಾಲ್ಕು ದಿನದ ಲೆಕ್ಕ ಹಾಕುವವರು ಆ ಹೊಣೆ ಹೊರುವವರು ಯಾರು ಎಂದೂ ಕೇಳಿಕೊಳ್ಳಬೇಕು, ಅಷ್ಟೆ.

ನಮ್ಮ ಚಿತ್ರಕ್ಕೆ ಕಾಲೇಜು ಮಟ್ಟದ ಸ್ಪರ್ಧೆಯೊಂದರಲ್ಲಿ 5,000 ಬಂತು. ಸಮಾಧಾನದ ಬಹುಮಾನ. ಅದರಲ್ಲಿ ನಟಿಸಿದವರಿಗೂ ಪಾಲು ಕೊಟ್ಟು ಮಿಕ್ಕಿದ್ದನ್ನು ಎರಡನೇ ಚಿತ್ರಕ್ಕೆಂದು ತೆಗೆದಿಟ್ಟಿದ್ದೇವೆ.

ಅದರ ಬಜೆಟ್ ಈಗ ಬರೆಯುತ್ತಿದ್ದೇವೆ. ದೊಡ್ಡವ್ವ ಈ ಸಲ ದಿನಕ್ಕೆ 600 ಅಂದಿದ್ದಾಳೆ, ಊಟ ಬೇರೆ. 500ಕ್ಕೆ ಒಪ್ಪಿಸು ಎಂದು ಗೆಳೆಯನೊಬ್ಬ ನನ್ನ ಬೆನ್ನು ಬಿದ್ದಿದ್ದಾನೆ. ಹನೂರಿನ ಬಸ್ಸು ಎಲ್ಲಿ ಹತ್ತಬೇಕೆಂದು ಅವನಿಗೆ ಹೇಳಿದ್ದೇನೆ. ಚೌಕಾಸಿ ಅವನೇ ಹೋಗಿ ಮಾಡಲಿ.